ಭೂತಾನ್ ಅಡಿಕೆಗೆ ಪ್ರಧಾನಿಯೇ ಉತ್ತರಿಸಬೇಕೆ? ಸಂಸತ್ತಿನಲ್ಲಿ ಪ್ರಶ್ನೆ ಕೇಳಿಸುವ ಬಗೆ

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ಕಡೆಯವರು. ಮೂರು ಎಕರೆ ಅಡಿಕೆ ತೋಟವಿದೆ. ಒಂದು ಕಡೆ ಎಲೆಚುಕ್ಕಿ ರೋಗ, ಇನ್ನೊಂದು ಕಡೆ ಭೂತಾನಿನಿಂದ ಅಡಿಕೆ ಬಂದು ದರ ಬೀಳುತ್ತದೆಂಬ ಭಯ. ಸಂಸದರೊಬ್ಬರಿಗೆ ಮನವಿ ಕೊಟ್ಟಿದ್ದೆವು. ‘ಸದನದಲ್ಲಿ ಕೇಳಿದ್ದೇನೆ’ ಎಂದು ಅವರು ಉತ್ತರದ ಪ್ರತಿ ಕಳಿಸಿದರು. ರೋಗದ ಬಗ್ಗೆ ‘ಕೃಷಿ ರಾಜ್ಯದ ವಿಷಯ’ ಎಂದಿದೆ. ಆಮದಿನ ಬಗ್ಗೆ ಮೊದಲ ಭಾಗಕ್ಕೆ ‘ಇಲ್ಲ’, ಉಳಿದವಕ್ಕೆಲ್ಲ ‘ಪ್ರಶ್ನೆ ಉದ್ಭವಿಸುವುದಿಲ್ಲ’. ಸಹಿ ಕೇಂದ್ರದ ರಾಜ್ಯ ಸಚಿವರದ್ದು (ಸಂಪುಟ ಸಚಿವರ ಕೈಕೆಳಗಿನವರು). ಬ್ರಿಟನ್ನಿನಲ್ಲಿ ಪ್ರತಿ ಬುಧವಾರ ಪ್ರಧಾನಿಯೇ ಎದ್ದು ನಿಂತು ಉತ್ತರ ಕೊಡುವುದನ್ನು ಟಿವಿಯಲ್ಲಿ ನೋಡುತ್ತೇವೆ. ನಮ್ಮಲ್ಲೂ ಪ್ರಧಾನಿಯೇ ಉತ್ತರಿಸಬೇಕೆಂದು ಸೊಸೈಟಿಯ ಮಹಾಸಭೆಯಲ್ಲಿ ನಿರ್ಣಯ ಮಾಡುವ ಮಾತು ನಡೆದಿದೆ. ಅದರಿಂದ ಪ್ರಯೋಜನವುಂಟೆ? ಖರ್ಚು ಕೊಟ್ಟರೆ ದೆಹಲಿಯಲ್ಲಿ ಪ್ರಶ್ನೆ ಹಾಕಿಸಿಕೊಡುತ್ತೇವೆ ಎನ್ನುವವರೂ ಬಂದುಹೋಗಿದ್ದಾರೆ.

ಉತ್ತರ: ಕೊನೆಯ ವಾಕ್ಯಕ್ಕೆ ಮೊದಲು ಉತ್ತರಿಸುತ್ತೇನೆ. ಅವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಸಂಸತ್ತಿನಲ್ಲಿ ಪ್ರಶ್ನೆ ಕೇಳಲು ಶುಲ್ಕವಿಲ್ಲ. ಪ್ರಶ್ನೆ ಕೇಳಲು ಹಣ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರಿನಲ್ಲಿ ಹನ್ನೊಂದು ಸಂಸದರು, ಲೋಕಸಭೆಯ ಹತ್ತು ಮಂದಿ ಮತ್ತು ರಾಜ್ಯಸಭೆಯ ಒಬ್ಬರು, ಸದಸ್ಯತ್ವವನ್ನೇ ಕಳೆದುಕೊಂಡರು. ನಿಮ್ಮ ಸೊಸೈಟಿಯ ಲೆಕ್ಕದ ಪುಸ್ತಕದಲ್ಲಿ ‘ಪ್ರಶ್ನೆ ಖರ್ಚು’ ಎಂಬ ಒಂದು ಸಾಲು ಬಿದ್ದರೂ ನಾಳೆ ನಿಮಗೂ ತೊಂದರೆ, ಕೇಳಿದ ಸದಸ್ಯರಿಗೂ ತೊಂದರೆ.

ಇನ್ನು ನಿಮ್ಮ ಬೇಸರದ ಮೂಲ. ನೀವು ಎರಡು ಸಂಗತಿಗಳನ್ನು ಒಂದೇ ಎಂದು ತಿಳಿದಿದ್ದೀರಿ. ಪ್ರಧಾನಿ ಉತ್ತರಿಸುವುದು ಬೇರೆ, ನಿಮಗೆ ಉತ್ತರ ಸಿಗುವುದು ಬೇರೆ. ನಿಮ್ಮ ಕೈಗೆ ಬಂದ ಉತ್ತರ ಟೊಳ್ಳಾಗಿದ್ದು ರಾಜ್ಯ ಸಚಿವರು ಕೊಟ್ಟರು ಎಂಬ ಕಾರಣಕ್ಕಲ್ಲ. ಪ್ರಶ್ನೆಯನ್ನು ಬರೆದ ರೀತಿಯಲ್ಲೇ ಅದು ಟೊಳ್ಳಾಗಿ ಬರುವ ದಾರಿ ತೆರೆದಿತ್ತು. ಅದೇ ಪ್ರಶ್ನೆಗೆ ಪ್ರಧಾನಿ ಸಹಿ ಹಾಕಿದ್ದರೂ ಒಳಗಿನ ಅಕ್ಷರ ಬದಲಾಗುತ್ತಿರಲಿಲ್ಲ.

ಬ್ರಿಟನ್ನಿನ ಪದ್ಧತಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಅಲ್ಲಿ ಪ್ರಧಾನಿಗೆಂದೇ ಸಮಯ ಮೀಸಲಾದದ್ದು 1961ರಲ್ಲಿ, ಹೆರಾಲ್ಡ್ ಮ್ಯಾಕ್ಮಿಲನ್ ಕಾಲದಲ್ಲಿ. ಆಗ ವಾರಕ್ಕೆ ಎರಡು ದಿನ, ಹದಿನೈದು ಹದಿನೈದು ನಿಮಿಷ. 1997ರಲ್ಲಿ ಟೋನಿ ಬ್ಲೇರ್ ಅದನ್ನು ಬುಧವಾರದ ಅರ್ಧ ಗಂಟೆಗೆ ಕೂಡಿಸಿದರು. ಚೀಟಿ ಎತ್ತಿ ಹದಿನೈದು ಸದಸ್ಯರ ಹೆಸರು ಆರಿಸುತ್ತಾರೆ. ವಿರೋಧ ಪಕ್ಷದ ನಾಯಕರಿಗೆ ಆರು ಪ್ರಶ್ನೆ. ಪಟ್ಟಿಯಲ್ಲಿ ಬಹುಪಾಲು ಒಂದೇ ಪ್ರಶ್ನೆ ಇರುತ್ತದೆ: ಇವತ್ತು ಪ್ರಧಾನಿಯವರ ಕಾರ್ಯಕ್ರಮಗಳೇನು? ಏಕೆಂದರೆ ನಿರ್ದಿಷ್ಟ ವಿಷಯ ಬರೆದುಕೊಟ್ಟರೆ ಅದು ಸಂಬಂಧಪಟ್ಟ ಇಲಾಖೆಗೆ ವರ್ಗವಾಗಿಬಿಡುತ್ತದೆ. ಹಾಗಾಗಿ ವಿಷಯ ಹೇಳದೆ ಎದ್ದು ನಿಂತು, ಉಪಪ್ರಶ್ನೆಯಲ್ಲಿ ಆಸ್ಪತ್ರೆಯಿಂದ ಹಿಡಿದು ಯುದ್ಧದವರೆಗೆ ಏನು ಬೇಕಾದರೂ ಕೇಳುತ್ತಾರೆ. ಪ್ರಧಾನಿ ದಪ್ಪ ಕಡತದೊಂದಿಗೆ ಬಂದಿರುತ್ತಾರೆ. ನೋಡುವುದಕ್ಕೆ ಚೆಂದ. ಆದರೆ ಟನ್ನು, ರೂಪಾಯಿ, ದಿನಾಂಕ ಬೇಕಾದವರು ಅಲ್ಲಿಯೂ ಲಿಖಿತ ಪ್ರಶ್ನೆಯನ್ನೇ ಹಾಕುತ್ತಾರೆ. ಆ ಅರ್ಧ ಗಂಟೆ ನಾಯಕ ಎಷ್ಟು ಗಟ್ಟಿ ಎಂಬ ಪರೀಕ್ಷೆಗೆ ಒಳ್ಳೆಯದು, ಅಡಿಕೆಯ ಲೆಕ್ಕ ಕೇಳುವುದಕ್ಕಲ್ಲ.

ನಮ್ಮಲ್ಲಿ ಅಂಥ ಮೀಸಲು ಸಮಯವೇ ಇಲ್ಲ. ಸಂವಿಧಾನದ 75(3)ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆ, ಉತ್ತರ ಕೊಡುವುದು ಆಯಾ ಖಾತೆಯವರು. ಸಚಿವಾಲಯಗಳನ್ನು ವಾರದ ಐದು ದಿನಗಳಿಗೆ ಹಂಚಿರುತ್ತಾರೆ. ಪ್ರಧಾನಿ ಕಾರ್ಯಾಲಯ, ಅಣುಶಕ್ತಿ, ಬಾಹ್ಯಾಕಾಶ, ಸಿಬ್ಬಂದಿ ಇಲಾಖೆಗಳ ಪ್ರಶ್ನೆ ಲೋಕಸಭೆಯಲ್ಲಿ ಬುಧವಾರ, ರಾಜ್ಯಸಭೆಯಲ್ಲಿ ಗುರುವಾರ. ಅವಕ್ಕೂ ಸಾಮಾನ್ಯವಾಗಿ ಎದ್ದು ಉತ್ತರಿಸುವುದು ಆ ಖಾತೆಗಳ ರಾಜ್ಯ ಸಚಿವರೇ. ನೆಹರೂ ವಿದೇಶ ನೀತಿಯ ಪ್ರಶ್ನೆಗಳಿಗೆ ತಾವೇ ಉತ್ತರಿಸುತ್ತಿದ್ದರು ಎಂದು ಹಿರಿಯರು ಹೇಳುವುದು ನಿಜ. ಆದರೆ 1947ರಿಂದ 1964ರವರೆಗೆ ವಿದೇಶಾಂಗ ಖಾತೆ ಅವರ ಕೈಯಲ್ಲೇ ಇತ್ತು ಎಂಬುದನ್ನು ಸೇರಿಸಿ ಹೇಳಬೇಕು. 1959ರಲ್ಲಿ ಚೀನಾ ಗಡಿಯ ವಿಚಾರ, ಅಕ್ಸಾಯ್ ಚಿನ್‌ನಲ್ಲಿ ಚೀನಾ ಹಾಕಿದ ರಸ್ತೆಯ ವಿಚಾರ ಸದನಕ್ಕೆ ಬಂದದ್ದು, ಕೊನೆಗೆ ಶ್ವೇತಪತ್ರ ಹೊರಬಿದ್ದದ್ದು ಸದಸ್ಯರು ಬಿಡದೆ ಕೆದಕಿದ್ದರಿಂದ. ಅಂದರೆ ಪ್ರಧಾನಿ ನಿಂತದ್ದಕ್ಕಿಂತ, ಕೇಳಿದವರು ಕೂರದೆ ಇದ್ದದ್ದು ಕೆಲಸ ಮಾಡಿತು.

ಆದ್ದರಿಂದ ನಿಮ್ಮ ನಿರ್ಣಯ ಪತ್ರಿಕೆಯಲ್ಲಿ ಒಂದು ಸುದ್ದಿಯಾಗುತ್ತದೆ, ಅಷ್ಟೇ. ಪ್ರಧಾನಿ ಕಾರ್ಯಾಲಯಕ್ಕೆ ಅಡಿಕೆಯ ಪ್ರಶ್ನೆ ಬರೆದರೆ ಅದು ವಾಣಿಜ್ಯ ಸಚಿವಾಲಯಕ್ಕೋ ಕೃಷಿಗೋ ವರ್ಗವಾಗುತ್ತದೆ. ನಡುವೆ ದಿನ ಹೋಗುತ್ತದೆ, ಅಧಿವೇಶನ ಮುಗಿಯುತ್ತದೆ.

ಈಗ ಅಡಿಕೆಗೆ ಬರೋಣ. ಇಲ್ಲಿ ಒಳನಾಡಿನ ನೀತಿಯೂ ವಿದೇಶ ನೀತಿಯೂ ಹೆಣೆದುಕೊಂಡಿವೆ. ಬಿಡಿಸದೆ ಕೇಳಿದರೆ ಯಾರಿಗೂ ತಗಲುವುದಿಲ್ಲ.

ಎಲೆಚುಕ್ಕಿ ರೋಗದ ವಿಚಾರದಲ್ಲಿ ‘ರಾಜ್ಯದ ವಿಷಯ’ ಎಂದದ್ದು ಜಾರಿಕೆಯ ಉತ್ತರವೆಂದು ನಿಮಗೆ ಅನಿಸಿದೆ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 14ನೇ ನಮೂದು ನೋಡಿ: ಕೃಷಿ, ಕೃಷಿ ಸಂಶೋಧನೆ, ಕೀಟಗಳಿಂದ ರಕ್ಷಣೆ, ಸಸ್ಯರೋಗ ತಡೆ ಎಲ್ಲವೂ ಅದರಲ್ಲಿವೆ. ಅಕ್ಷರಶಃ ಅವರ ಮಾತು ಸರಿ. ಆದರೆ ಸಮವರ್ತಿ ಪಟ್ಟಿಯ 29ನೇ ನಮೂದಿನಲ್ಲಿ, ಸಸ್ಯಗಳ ಅಂಟುರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಕೇಂದ್ರಕ್ಕೂ ಸೇರುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕೇಂದ್ರದ್ದೇ. ತೋಟಗಾರಿಕೆಗೆ ಕೊಡುವ ಕೇಂದ್ರದ ಅನುದಾನವೂ ಅವರ ಲೆಕ್ಕದಲ್ಲೇ ಇರುತ್ತದೆ. ಹೀಗಾಗಿ ‘ಎಲೆಚುಕ್ಕಿ ತಡೆಗೆ ಏನು ಮಾಡಿದ್ದೀರಿ’ ಎಂದು ಕೇಳಿದರೆ ರಾಜ್ಯದ ಕಡೆ ಕೈ ತೋರಿಸುತ್ತಾರೆ. ‘ಕೇಂದ್ರೀಯ ಸಂಸ್ಥೆಯಲ್ಲಿ ಈ ರೋಗದ ಮೇಲೆ ನಡೆಯುತ್ತಿರುವ ಸಂಶೋಧನೆ ಯಾವುದು, ಯಾವ ವರ್ಷ ಶುರುವಾಯಿತು, ಎಷ್ಟು ಹಣ ಬಿಡುಗಡೆಯಾಯಿತು, ಕರ್ನಾಟಕ ಕೇಳಿದ್ದೆಷ್ಟು, ಕೊಟ್ಟಿದ್ದೆಷ್ಟು’ ಎಂದರೆ ಕೈ ತೋರಿಸಲು ಜಾಗವಿಲ್ಲ. ಔಷಧಿಯ ಸಬ್ಸಿಡಿ, ಸಿಂಪಡಣೆಯ ದೋಟಿ (ಉದ್ದನೆಯ ಕೋಲು), ತಾಲ್ಲೂಕುವಾರು ಸಮೀಕ್ಷೆ, ಇವನ್ನೆಲ್ಲ ದೆಹಲಿಯಲ್ಲಿ ಕೇಳಬೇಡಿ. ನಿಮ್ಮ ಶಾಸಕರಿಂದ ವಿಧಾನಸಭೆಯಲ್ಲಿ ತೋಟಗಾರಿಕೆ ಸಚಿವರಿಗೆ ಕೇಳಿಸಿ. ಉತ್ತರ ಕನ್ನಡದಲ್ಲೇ ಬರುತ್ತದೆ, ಸಭೆಯಲ್ಲಿ ಓದಿ ಹೇಳುವುದಕ್ಕೂ ಅನುಕೂಲ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರಂಥವರನ್ನು ವಿಧಾನಸಭೆಗೆ ಕಳಿಸಿದ ಸೀಮೆ ನಿಮ್ಮದು. ಪ್ರಶ್ನೆ ಎಂದರೆ ದೆಹಲಿಯೇ ಎಂದು ಯಾವಾಗಿನಿಂದ ಅಂದುಕೊಂಡಿರೋ ಗೊತ್ತಿಲ್ಲ.

ಆಮದು ಪೂರ್ತಿ ಕೇಂದ್ರದ್ದು. ವಿದೇಶ ವ್ಯಾಪಾರ, ಒಪ್ಪಂದ, ಸುಂಕ ಮೂರೂ ಕೇಂದ್ರ ಪಟ್ಟಿಯಲ್ಲಿವೆ. ಆದರೆ ಕೇಂದ್ರದೊಳಗೂ ನಾಲ್ಕು ಬಾಗಿಲು. ಕನಿಷ್ಠ ಆಮದು ಬೆಲೆ (ಇದಕ್ಕಿಂತ ಅಗ್ಗದ ಮಾಲು ತರುವಂತಿಲ್ಲ ಎಂಬ ಮಿತಿ) ನಿಗದಿ ಮಾಡುವ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ವಾಣಿಜ್ಯ ಸಚಿವಾಲಯದ ಅಡಿ ಬರುತ್ತದೆ. ಸುಂಕ, ಗಡಿಯಲ್ಲಿ ಹಿಡಿದ ಮಾಲು, ಮೂಲ ದೇಶದ ಪ್ರಮಾಣಪತ್ರದ ತನಿಖೆ ಹಣಕಾಸಿನ ಕಂದಾಯ ಇಲಾಖೆಯದು. ಆಮದಾದ ಅಡಿಕೆಯ ಗುಣಮಟ್ಟದ ಪರೀಕ್ಷೆ ಆರೋಗ್ಯ ಸಚಿವಾಲಯದ ಕೆಳಗಿನ ಆಹಾರ ಸುರಕ್ಷತಾ ಪ್ರಾಧಿಕಾರದ್ದು. ಭೂತಾನ್ ಜೊತೆಗಿನ ಸಂಬಂಧ ವಿದೇಶಾಂಗದ್ದು. ನಾಲ್ಕನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದರೆ ಉತ್ತರ ಕೊಡುವ ಇಲಾಖೆ ತನಗೆ ಸೇರಿದ ಒಂದನ್ನು ಹೇಳಿ ಉಳಿದದ್ದನ್ನು ತೇಲಿಸುತ್ತದೆ.

ಭಯ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನೂ ನೋಡಿಬಿಡೋಣ. 2022ರ ಸೆಪ್ಟೆಂಬರಿನ ಅಧಿಸೂಚನೆಯ ಪ್ರಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಬಹುದು, ಅದೂ ಪಶ್ಚಿಮ ಬಂಗಾಳದ ಜೈಗಾಂವ್ ಸುಂಕದ ಕಟ್ಟೆಯ ಮೂಲಕ ಮಾತ್ರ. ಹದಿನೇಳು ಸಾವಿರ ಟನ್ ಎಂದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಆದರೆ ಅದು ಹಸಿ ಅಡಿಕೆ. ನಮ್ಮ ಕಡೆ ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಸಿಗುವುದು ಹನ್ನೆರಡು, ಹದಿಮೂರು ಕೆಜಿ. ಆ ಲೆಕ್ಕಕ್ಕೆ 17,000 ಟನ್ ಒಣಗಿದರೆ ಎರಡು ಸಾವಿರ ಟನ್ನಿನ ಆಸುಪಾಸು. ದೇಶದ ಒಟ್ಟು ಉತ್ಪಾದನೆ ಹದಿನಾಲ್ಕು ಲಕ್ಷ ಟನ್ನಿನ ಹತ್ತಿರ. ನೂರಕ್ಕೆ ಕಾಲು ಪಾಲೂ ಆಗಲಿಲ್ಲ. ಬರೀ ಈ ಮಾಲಿನಿಂದ ಶಿವಮೊಗ್ಗ ಮಂಡಿಯಲ್ಲಿ ರಾಶಿ ಇಡಿ ಎಂಬ ಕೆಂಪಡಿಕೆಯ ದರ ಕುಸಿಯುತ್ತದೆ ಎನ್ನುವುದು ಲೆಕ್ಕಕ್ಕೆ ನಿಲ್ಲುವುದಿಲ್ಲ.

ನಿಜವಾದ ತೂತು ಬೇರೆ ಕಡೆ ಇದೆ. 2023ರ ಫೆಬ್ರುವರಿಯಿಂದ ಕನಿಷ್ಠ ಆಮದು ಬೆಲೆ ಕೆಜಿಗೆ 351 ರೂಪಾಯಿ, ಅದಕ್ಕೂ ಮುಂಚೆ 251 ಇತ್ತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ತರುವಂತಿಲ್ಲ. ಮೇಲೆ ನೂರಕ್ಕೆ ನೂರು ಸುಂಕ. ಪೂರ್ತಿ ಸುಂಕ ಕಟ್ಟಿ ತಂದವನಿಗೆ ಕೆಜಿಗೆ 702 ರೂಪಾಯಿ ಬಿದ್ದು ಹೋಗುತ್ತದೆ, ಇಲ್ಲಿ ಮಾರಿ ಗಿಟ್ಟುವುದಿಲ್ಲ. ಅದಕ್ಕೇ ಅಡ್ಡದಾರಿಗಳು. ಆಗ್ನೇಯ ಏಷ್ಯಾದ ಅಡಿಕೆಗೆ ಸುಂಕ ರಿಯಾಯಿತಿ ಇರುವ ನೆರೆ ದೇಶದ ಮೂಲ ಪ್ರಮಾಣಪತ್ರ ಅಂಟಿಸುವುದು, ಮ್ಯಾನ್ಮಾರ್ ಗಡಿಯಿಂದ ಈಶಾನ್ಯದ ಕಾಡುದಾರಿಯಲ್ಲಿ ಕದ್ದು ಸಾಗಿಸುವುದು, ಬೇರೆ ಸರಕಿನ ಹೆಸರಲ್ಲಿ ಕಂಟೇನರ್ ಇಳಿಸುವುದು. ‘ಹುರಿದ ಅಡಿಕೆ’ ಎಂದು ಬರೆಸಿ ಬೇರೆ ಶೀರ್ಷಿಕೆಯಡಿ ತರುವ ಉಪಾಯವೂ ಇತ್ತು. 2025ರಲ್ಲಿ ಅದಕ್ಕೂ 351ರ ಮಿತಿ ಬಂತು. ಭೂತಾನಿನ ಅನುಮತಿಯಲ್ಲಿ ಕೇಳಬೇಕಾದ್ದೂ ಇದೇ: ಆ ಹೆಸರಿನಲ್ಲಿ, ಆ ದಾರಿಯಲ್ಲಿ ಬೇರೆ ಮಾಲು ನುಗ್ಗುತ್ತಿದೆಯೇ? ಅನುಮತಿಯನ್ನೇ ರದ್ದು ಮಾಡಿ ಎಂದು ಹಟ ಹಿಡಿದರೆ, ಭೂತಾನ್ ಜೊತೆ 1972ರಿಂದ ನಡೆದುಬಂದ ಮುಕ್ತ ವ್ಯಾಪಾರ ಒಪ್ಪಂದ, 2016ರಲ್ಲಿ ನವೀಕರಣಗೊಂಡದ್ದು, ಅದನ್ನು ಮುಂದಿಟ್ಟು ಮಾತು ಮುಗಿಸುತ್ತಾರೆ. ಚೀನಾದ ಪಕ್ಕದ ನೆರೆಯವನೊಂದಿಗೆ ಎರಡು ಸಾವಿರ ಟನ್ನಿಗಾಗಿ ಯಾವ ಸರ್ಕಾರವೂ ಮುಖ ಕೆಡಿಸಿಕೊಳ್ಳುವುದಿಲ್ಲ. ಇದನ್ನು ಒಪ್ಪಿಕೊಂಡೇ ಪ್ರಶ್ನೆ ಬರೆಯಬೇಕು.

ನಿಮ್ಮ ಪ್ರತಿಯಲ್ಲಿದ್ದ ಪ್ರಶ್ನೆ ಬಹುಶಃ ಹೀಗಿತ್ತು: ‘(ಅ) ಭೂತಾನಿನ ಕಳಪೆ ಅಡಿಕೆಯಿಂದ ಮಲೆನಾಡಿನ ಬೆಳೆಗಾರರು ಬೀದಿಗೆ ಬಿದ್ದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದರೆ ಅದರ ವಿವರವೇನು, (ಇ) ಸರ್ಕಾರ ಕೈಗೊಂಡ ಕ್ರಮವೇನು?’ ಮೊದಲನೆಯದಕ್ಕೆ ‘ಇಲ್ಲ’ ಎಂದರೆ ಆಯಿತು, ಉಳಿದವು ತಾವಾಗಿಯೇ ಉರುಳುತ್ತವೆ. ಇದನ್ನು ಬರೆದವರಿಗೆ ಸಿಟ್ಟಿತ್ತು, ಆದರೆ ಒಂದು ಭಾಗಕ್ಕೆ ಇನ್ನೊಂದು ಭಾಗವನ್ನು ಜೋತುಹಾಕಬಾರದು ಎಂಬ ಅರಿವಿರಲಿಲ್ಲ. ‘ಕಳಪೆ’ ಎಂಬ ಪದ ಉಳಿದುಕೊಂಡಿದ್ದರೆ ಅದೇ ಆಶ್ಚರ್ಯ. ಲೋಕಸಭೆಯ ನಿಯಮಾವಳಿಯ 41ನೇ ನಿಯಮ ವಾದ, ಊಹೆ, ವ್ಯಂಗ್ಯ, ಆರೋಪ ಇವುಗಳನ್ನು ಒಪ್ಪುವುದಿಲ್ಲ. ಸರ್ಕಾರದ ಅಭಿಪ್ರಾಯ ಕೇಳುವಂತಿಲ್ಲ, ನ್ಯಾಯಾಲಯದ ಮುಂದಿರುವ ವಿಷಯ ಕೂಡದು, ಮಿತ್ರ ದೇಶವನ್ನು ಅಗೌರವದಿಂದ ಉಲ್ಲೇಖಿಸಕೂಡದು. ಪ್ರಶ್ನೆ 150 ಪದ ಮೀರಬಾರದು.

ಅದೇ ವಿಷಯವನ್ನು ವಾಣಿಜ್ಯ ಸಚಿವರಿಗೆ ಹೀಗೆ ಕೇಳಬಹುದು:

‘(ಅ) 2022ರ ಸೆಪ್ಟೆಂಬರಿನಲ್ಲಿ ಅನುಮತಿಸಿದ 17,000 ಟನ್ ಮಿತಿಯಡಿ ಭೂತಾನಿನಿಂದ ಈವರೆಗೆ ಆಮದಾದ ಹಸಿ ಅಡಿಕೆಯ ಪ್ರಮಾಣ ಮತ್ತು ಮೌಲ್ಯ, ವರ್ಷವಾರು, (ಆ) ಅನುಮತಿ ಪಡೆದ ಆಮದುದಾರರ ಸಂಖ್ಯೆ ಮತ್ತು ಪ್ರತಿಯೊಬ್ಬರಿಗೆ ಹಂಚಿಕೆಯಾದ ಪ್ರಮಾಣ, (ಇ) ಇದೇ ಅವಧಿಯಲ್ಲಿ ಇತರ ದೇಶಗಳಿಂದ ಆಮದಾದ ಅಡಿಕೆ, ದೇಶವಾರು, (ಈ) ಹಂಚಿಕೆ ಮಾಡುವ ಮುನ್ನ ಭೂತಾನಿನ ಉತ್ಪಾದನೆಯ ಅಂದಾಜು ಪಡೆಯಲಾಗಿದೆಯೇ, ಆ ಅಂದಾಜು ಎಷ್ಟು?’

ಇದರಲ್ಲಿ ಯಾವ ಭಾಗವೂ ಇನ್ನೊಂದನ್ನು ಹಿಡಿದು ನಿಂತಿಲ್ಲ. ಎಲ್ಲವೂ ಆ ಕಚೇರಿಯ ಕಂಪ್ಯೂಟರಿನಲ್ಲಿ ಇರಬೇಕಾದ ಅಂಕಿಗಳು. ಎರಡನೇ ಪ್ರಶ್ನೆ ಹಣಕಾಸು ಸಚಿವರಿಗೆ, ಬೇರೆಯಾಗಿ: ಹಿಂದಿನ ಮೂರು ವರ್ಷಗಳಲ್ಲಿ ಜಪ್ತಿಯಾದ ಅಡಿಕೆ ಎಷ್ಟು, ಯಾವ ಬಂದರು ಅಥವಾ ಗಡಿ, 2020ರ ಮೂಲ ದೇಶ ಪರಿಶೀಲನಾ ನಿಯಮಗಳಡಿ ಎಷ್ಟು ಪ್ರಮಾಣಪತ್ರ ಪರಿಶೀಲನೆಗೆ ಹೋದವು, ಎಷ್ಟು ತಿರಸ್ಕೃತವಾದವು, ಜಪ್ತಿಯಾದ ಮಾಲನ್ನು ಹರಾಜು ಹಾಕಿದರೋ ನಾಶ ಮಾಡಿದರೋ. ಕೊನೆಯದು ಬಹಳ ಮುಖ್ಯ, ಹರಾಜಾದ ಮಾಲು ಸುತ್ತಿ ಬಳಸಿ ಇದೇ ಪೇಟೆಗೆ ಬರುತ್ತದೆ.

ಒಂದು ಎಚ್ಚರಿಕೆ. ‘ಅಡಿಕೆ ಆರೋಗ್ಯಕ್ಕೆ ಹಾನಿಕರವಲ್ಲ ಎಂದು ಸರ್ಕಾರ ಘೋಷಿಸುವುದೇ’ ಎಂಬ ಸಾಲನ್ನು ಸೇರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು 2004ರಲ್ಲಿ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು ಪ್ರಕಟಿಸಿದೆ. ಆರೋಗ್ಯ ಇಲಾಖೆ ಅದನ್ನೇ ಎತ್ತಿ ಬರೆಯುತ್ತದೆ, ಅದು ಸದನದ ದಾಖಲೆಯಾಗಿ ಕೂರುತ್ತದೆ, ನಾಳೆ ನಿಮ್ಮ ವಿರುದ್ಧವೇ ಯಾರೋ ಓದುತ್ತಾರೆ. ಯಾವ ಉತ್ತರ ದಾಖಲೆಗೆ ಬರುವುದು ಬೇಡವೋ ಆ ಪ್ರಶ್ನೆಯನ್ನು ಕೇಳಿಸಬಾರದು.

ಚುಕ್ಕೆ ಗುರುತಿನ ಪ್ರಶ್ನೆಯೋ (ಸದನದಲ್ಲಿ ಬಾಯಿಮಾತಿನ ಉತ್ತರ), ಗುರುತಿಲ್ಲದ್ದೋ (ಲಿಖಿತ ಉತ್ತರ)? ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಗುರುತಿಲ್ಲದ ಪ್ರಶ್ನೆ ಪಟ್ಟಿಗೆ ಬರುತ್ತವೆ. ರಾಜ್ಯಸಭೆಯಲ್ಲಿ 15 ಮತ್ತು 160. ಯಾರ ಹೆಸರು ಬರಬೇಕೆಂಬುದು ಚೀಟಿ ಎತ್ತುವುದರ ಮೇಲೆ. ಒಬ್ಬ ಸದಸ್ಯರ ಹೆಸರಲ್ಲಿ ದಿನಕ್ಕೆ ಒಂದೇ ಚುಕ್ಕೆ ಪ್ರಶ್ನೆ. ಪಟ್ಟಿಗೆ ಬಂದರೂ ಒಂದು ಗಂಟೆಯಲ್ಲಿ ಬಾಯಿಮಾತಿನ ಉತ್ತರ ಸಿಗುವುದು ನಾಲ್ಕೈದಕ್ಕೆ. ಗಲಾಟೆಯಾಗಿ ಕಲಾಪ ಮುಂದೂಡಿದರೆ ಅದೂ ಇಲ್ಲ, ಎಲ್ಲಕ್ಕೂ ಲಿಖಿತ ಉತ್ತರವೇ. ಚುಕ್ಕೆಯ ಲಾಭ ಉಪಪ್ರಶ್ನೆ. ಕೇಳಿದ ಸದಸ್ಯರಿಗೆ ಎರಡು ಸಿಗುತ್ತವೆ. ಆದರೆ ಉಪಪ್ರಶ್ನೆ ಕೇಳಲು ಸದಸ್ಯರಿಗೆ ವಿಷಯ ಗೊತ್ತಿರಬೇಕು. ಹಸಿ ಅಡಿಕೆಗೂ ಒಣ ಅಡಿಕೆಗೂ ವ್ಯತ್ಯಾಸ ತಿಳಿಯದವರು ಎದ್ದರೆ ಸಚಿವರು ‘ರೈತರ ಹಿತಕ್ಕೆ ಸರ್ಕಾರ ಬದ್ಧ’ ಎಂದು ಕೂರುತ್ತಾರೆ. ನಿಮ್ಮ ಉದ್ದೇಶಕ್ಕೆ ಮೊದಲು ಚುಕ್ಕೆಯಿಲ್ಲದ್ದೇ ಸರಿ. ಅಂಕಿ ಕೈಗೆ ಬರಲಿ.

ಶೂನ್ಯವೇಳೆಯಲ್ಲಿ (ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತು) ಮಾತನಾಡಿದ ವಿಡಿಯೋ ಮೊಬೈಲಿಗೆ ಬರುತ್ತದೆ, ಜನರಿಗೂ ಖುಷಿ. ಆದರೆ ಸಚಿವರು ಅಲ್ಲಿ ಉತ್ತರಿಸಲೇಬೇಕೆಂದಿಲ್ಲ. 377ನೇ ನಿಯಮದಡಿ ಪ್ರಸ್ತಾಪಿಸಿದರೆ ತಡವಾಗಿಯಾದರೂ ಸದಸ್ಯರಿಗೆ ಒಂದು ಪತ್ರ ಬರುತ್ತದೆ. ಲಿಖಿತ ಉತ್ತರ ಅರೆಬರೆ ಎನಿಸಿದರೆ 55ನೇ ನಿಯಮದ ಅರ್ಧ ಗಂಟೆ ಚರ್ಚೆ ಕೇಳಬಹುದು, ಮೂರು ದಿನ ಮೊದಲು ಸೂಚನೆ ಕೊಟ್ಟು. ಒಪ್ಪಿಗೆ ಸಿಗುವುದು ಕಷ್ಟ, ಸಿಕ್ಕರೆ ಸಚಿವರು ಅದೇ ಒಂದು ವಿಷಯಕ್ಕೆ ನಿಂತು ಉತ್ತರಿಸಬೇಕು. ಮಾಹಿತಿ ಹಕ್ಕಿನ ಅರ್ಜಿ ನೀವೇ ಹಾಕಬಹುದು, ಹತ್ತು ರೂಪಾಯಿ, ಮೂವತ್ತು ದಿನ. ಜಪ್ತಿಯ ಅಂಕಿ, ಹಂಚಿಕೆಯ ಪಟ್ಟಿಗೆ ಅದು ಒಳ್ಳೆಯದು. ಭೂತಾನ್ ಜೊತೆಗಿನ ಪತ್ರವ್ಯವಹಾರ ಕೇಳಿದರೆ ವಿದೇಶ ಸಂಬಂಧಕ್ಕೆ ಧಕ್ಕೆ ಎಂಬ ವಿನಾಯಿತಿ ತೋರಿಸಿ ನಿರಾಕರಿಸುತ್ತಾರೆ.

ಸಮಯದ ಲೆಕ್ಕ ತಪ್ಪಿಯೇ ಹೆಚ್ಚು ಪ್ರಶ್ನೆಗಳು ಕೆಡುವುದು. ಸೂಚನೆ ಕೊಟ್ಟ ದಿನ ಮತ್ತು ಉತ್ತರದ ದಿನ ಎರಡನ್ನೂ ಬಿಟ್ಟು ನಡುವೆ ಪೂರ್ತಿ ಹದಿನೈದು ದಿನ ಇರಬೇಕು. ಅಧಿವೇಶನ ಶುರುವಾದ ಮೇಲೆ ಮನವಿ ಹಿಡಿದು ಹೋದರೆ ಅರ್ಧ ಅವಧಿ ಮುಗಿದಿರುತ್ತದೆ. ಮಳೆಗಾಲದ ಅಧಿವೇಶನ ಜುಲೈನಲ್ಲಿ, ನೀವು ಬೋರ್ಡೋ ದ್ರಾವಣ (ಕೊಳೆರೋಗದ ಔಷಧಿ) ಹೊಡೆಸುವ ಗಡಿಬಿಡಿಯಲ್ಲಿ ಇರುವಾಗ. ಚಳಿಗಾಲದ್ದು ನವೆಂಬರ್ ಕೊನೆ, ಡಿಸೆಂಬರ್, ಕೊಯ್ಲಿನ ಹೊತ್ತು. ಆದ್ದರಿಂದ ಕರಡನ್ನು ಒಂದು ತಿಂಗಳು ಮೊದಲೇ ಸದಸ್ಯರ ಆಪ್ತ ಸಹಾಯಕರ ಕೈಗೆ ಮುಟ್ಟಿಸಿ. ಒಂದೇ ಪುಟ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ, ಯಾವ ಸಚಿವಾಲಯ ಎಂದು ಮೇಲೆ ಬರೆದು, ಕೆಳಗೆ ಅಧಿಸೂಚನೆಯ ಪ್ರತಿ ಲಗತ್ತಿಸಿ. ಒಬ್ಬರನ್ನೇ ನೆಚ್ಚಬೇಡಿ. ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡದ ಸದಸ್ಯರಿಗೂ, ರಾಜ್ಯಸಭೆಯ ಒಬ್ಬಿಬ್ಬರಿಗೂ, ಪಕ್ಷ ನೋಡದೆ ಕೊಡಿ. ಆಡಳಿತ ಪಕ್ಷದ ಸದಸ್ಯರು ಮುಜುಗರದ ಉಪಪ್ರಶ್ನೆ ಕೇಳುವುದು ಕಡಿಮೆ, ಆದರೆ ಲಿಖಿತ ಪ್ರಶ್ನೆಗೆ ಅವರೂ ಹಿಂಜರಿಯುವುದಿಲ್ಲ.

ಉತ್ತರ ಬಂದಾಗ ಮೊದಲು ಅನುಬಂಧ ತೆರೆಯಿರಿ, ಅಂಕಿ ಅಲ್ಲಿರುತ್ತದೆ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮೇಜಿನ ಮೇಲೆ ಇಡಲಾಗುವುದು’ ಅಥವಾ ‘ಪರಿಶೀಲನೆಯಲ್ಲಿದೆ’ ಎಂದು ಬರೆದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಅಂಥ ಮಾತು ಸರ್ಕಾರ ಸದನಕ್ಕೆ ಕೊಟ್ಟ ಭರವಸೆ ಎಂದು ಲೆಕ್ಕಕ್ಕೆ ಬರುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. 1953ರಿಂದ ಲೋಕಸಭೆಯಲ್ಲಿ ಇದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ, ಹದಿನೈದು ಸದಸ್ಯರು. ಅಂಕಿಯೇ ತಪ್ಪೆಂದು ನಿಮ್ಮಲ್ಲಿ ದಾಖಲೆಯಿದ್ದರೆ, ಸದಸ್ಯರು ಸ್ಪೀಕರ್ ನಿರ್ದೇಶನ 115ರಡಿ ಅದನ್ನು ಎತ್ತಬಹುದು. ಉತ್ತರದ ಪ್ರಶ್ನೆ ಸಂಖ್ಯೆ, ದಿನಾಂಕ, ಸಚಿವಾಲಯ ಈ ಮೂರನ್ನು ಸೊಸೈಟಿಯ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳಾದ ಮರುದಿನ ಅದೇ ಸಂಖ್ಯೆ ನಮೂದಿಸಿ ಪ್ರಶ್ನೆ ಕೇಳಿದ ಸದಸ್ಯರಿಗೂ, ಭರವಸೆಗಳ ಸಮಿತಿಯ ಅಧ್ಯಕ್ಷರಿಗೂ ಒಂದೊಂದು ಸ್ಪೀಡ್ ಪೋಸ್ಟ್ ಹಾಕಿ.